ಆಸ್ಪತ್ರೆ ಕೌಂಟರಲ್ಲಿ ಕೊಟ್ಟ ಒಟಿಪಿ, ಅದರ ಹಿಂದಿನ ಕಥೆ

ಅಮ್ಮನ್ನ ಶುಗರ್ ಚೆಕಪ್ಪಿಗೆ ಕರ್ಕೊಂಡು ಹೋಗಿದ್ದೆ, ಕೌಂಟರಲ್ಲಿದ್ದ ಹುಡುಗಿ ಆಧಾರ್ ನಂಬರ್ ತಗೊಂಡು "ಒಟಿಪಿ ಹೇಳಿ ಆಂಟಿ" ಅಂದ್ಲು, ಅಮ್ಮ ಹೇಳಿದ್ರು, ಎರಡೇ ನಿಮಿಷಕ್ಕೆ 14 ಅಂಕಿಯ ಆಭಾ ನಂಬರ್ (ರೋಗಿಯ ದಾಖಲೆಗಳನ್ನ ಆನ್‌ಲೈನಲ್ಲಿ ಜೋಡಿಸೋ ಸರ್ಕಾರದ ಆರೋಗ್ಯ ಐಡಿ) ರೆಡಿ. ಅದು ಯಾಕೆ, ಬೇಡ ಅನ್ನಬಹುದಾ ಅಂತ ಯಾರೂ ಹೇಳ್ಲಿಲ್ಲ. ಪಕ್ಕದಲ್ಲೇ ಇನ್ನೊಬ್ಬರ ಸ್ಕ್ಯಾನ್ ರಿಪೋರ್ಟನ್ನ ಡಾಕ್ಟರಿಗೆ ವಾಟ್ಸಾಪ್ ಮಾಡೋಕೆ ಅಂತ ಸಿಬ್ಬಂದಿ ಒಬ್ಬ ತನ್ನ ಸ್ವಂತ ಫೋನಲ್ಲಿ ಫೋಟೋ ಹೊಡೀತಿದ್ದ, ರೋಗಿ ಹೆಸರು, ವಯಸ್ಸು ಎಲ್ಲಾ ಕಾಣೋ ಹಾಗೆ.

ಮುಂಚೆ ರೋಗಿಯ ಗುಟ್ಟು ಡಾಕ್ಟರ್ ಬಾಯಲ್ಲಿ ಇರ್ತಿತ್ತು, ಜಾಸ್ತಿ ಅಂದ್ರೆ ಬೀರುವಿನ ಫೈಲಲ್ಲಿ. ಆಗಲೂ ಅದೇನು ಗಟ್ಟಿ ಇರ್ಲಿಲ್ಲ. ರಕ್ತ ಕೊಡೋಕೆ ಹೋದ ಒಬ್ಬರಿಗೆ ಎಚ್‌ಐವಿ ಇದೆ ಅಂತ ಗೊತ್ತಾಗಿ, ಆ ವಿಷಯ ಆಸ್ಪತ್ರೆಯಿಂದ ಹೊರಗೆ ಹೋಗಿ ಅವರ ಮದುವೆ ಮುರಿದು ಬಿತ್ತು, ಅವರು ಕೋರ್ಟಿಗೆ ಹೋದ್ರೆ 1998ರಲ್ಲಿ ಸುಪ್ರೀಂ ಕೋರ್ಟ್ ಆಸ್ಪತ್ರೆ ಪರ ನಿಂತ್ಕೊಳ್ತು, ಅವರನ್ನ ಮದುವೆ ಆಗಬೇಕಿದ್ದ ಹುಡುಗಿಯ ಆರೋಗ್ಯ ದೊಡ್ಡದು ಅಂತ. 2002ರ ವೈದ್ಯರ ನೀತಿ ನಿಯಮದಲ್ಲಿ ಗುಟ್ಟು ಕಾಪಾಡ್ಬೇಕು ಅಂತ ಬರೆದಿದೆ, ಆದ್ರೆ ಅದು ಡಾಕ್ಟರಿಗೆ ಮಾತ್ರ. ಲ್ಯಾಬಿನವರು, ಸಾಫ್ಟ್‌ವೇರ್ ಕಂಪನಿಯವರು ಅದರಲ್ಲಿ ಬರಲ್ಲ.

ಕಂಪ್ಯೂಟರಿಗೆ ಬಂದ ಮಾಹಿತಿಗೆ ರಕ್ಷಣೆ ಅಂತ ಸಿಕ್ಕಿದ್ದು 2011ರಲ್ಲಿ. ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯ 43ಎ ಸೆಕ್ಷನ್ ಕೆಳಗೆ ಬಂದ ನಿಯಮಗಳು ವೈದ್ಯಕೀಯ ದಾಖಲೆಯನ್ನ 'ಸೂಕ್ಷ್ಮ ಮಾಹಿತಿ' ಅಂತ ಗುರುತಿಸಿದ್ವು. 2017ರಲ್ಲಿ, ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹಾಕಿದ ಕೇಸಲ್ಲಿ, ಖಾಸಗಿತನ ಮೂಲಭೂತ ಹಕ್ಕು ಅಂತ 9 ಜನ ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ರು.

ಅದರ ಬೆನ್ನಲ್ಲೇ 2018ರಲ್ಲಿ ಬಂದ 'ದಿಶಾ' ಕರಡು ನೆನೆಸ್ಕೊಂಡ್ರೆ ನಂಗೆ ಈಗಲೂ ಬೇಜಾರಾಗುತ್ತೆ. ಆರೋಗ್ಯದ ಡೇಟಾಗೆ ಅಂತಲೇ ಬರೆದ ಕಾನೂನು, ಡೇಟಾ ರೋಗಿಯದ್ದು, ವ್ಯಾಪಾರಕ್ಕೆ ಬಳಸೋ ಹಾಗಿಲ್ಲ ಅಂತ ಸ್ಪಷ್ಟವಾಗಿ ಹೇಳ್ತಿತ್ತು. ಅದು ಕಾನೂನು ಆಗ್ಲೇ ಇಲ್ಲ.

ಅಂಥ ಕಾನೂನು ಇಲ್ದಿದ್ರೆ ಏನಾಗುತ್ತೆ ಅಂತ 2020ರ ಮಾರ್ಚಲ್ಲಿ ನಾವೇ ನೋಡಿದ್ವಿ, ಕ್ವಾರಂಟೈನಲ್ಲಿದ್ದ ಸಾವಿರಾರು ಜನರ ಮನೆ ವಿಳಾಸವನ್ನ ಕರ್ನಾಟಕ ಸರ್ಕಾರವೇ ವೆಬ್‌ಸೈಟಲ್ಲಿ ಹಾಕ್ತು, ಅದು ವಾಟ್ಸಾಪಲ್ಲಿ ಓಡಾಡ್ತು. 2022ರ ನವೆಂಬರಲ್ಲಿ ದೆಹಲಿ ಏಮ್ಸ್ ಸರ್ವರ್‌ಗಳ ಮೇಲೆ ರ‍್ಯಾನ್ಸಂವೇರ್ (ಡೇಟಾ ಲಾಕ್ ಮಾಡಿ ದುಡ್ಡು ಕೇಳೋ ವೈರಸ್) ದಾಳಿ ಆಗಿ, ದಿನಗಟ್ಟಲೆ ಒಪಿಡಿ ಚೀಟಿ ಕೈಯಲ್ಲೇ ಬರೀಬೇಕಾಯ್ತು. ಅಷ್ಟೊತ್ತಿಗಾಗಲೇ ಡಿಜಿಟಲ್ ಹೆಲ್ತ್ ಮಿಷನ್, ಅಂದ್ರೆ ಈ ಆಭಾ ನಂಬರ್ ಕೊಡೋ ಕೇಂದ್ರದ ಯೋಜನೆ, ದೇಶದ ತುಂಬಾ ಶುರು ಆಗಿತ್ತು.

ಕೊನೆಗೆ 2023ರಲ್ಲಿ ಡೇಟಾ ಸಂರಕ್ಷಣಾ ಕಾಯ್ದೆ ಬಂತು, ನಿಯಮಗಳು ಬಂದಿದ್ದು 2025ರ ನವೆಂಬರಲ್ಲಿ. ದಂಡ 250 ಕೋಟಿವರೆಗೂ ಇದೆ, ಒಳ್ಳೇದೇ. ಆದ್ರೆ ಇದರಲ್ಲಿ 'ಸೂಕ್ಷ್ಮ ಮಾಹಿತಿ' ಅನ್ನೋ ವರ್ಗವೇ ಇಲ್ಲ, ಎಚ್‌ಐವಿ ರಿಪೋರ್ಟಿಗೂ ಫೋನ್ ನಂಬರಿಗೂ ಒಂದೇ ಅಳತೆ. ದಂಡದ ದುಡ್ಡು ಹೋಗೋದು ಸರ್ಕಾರದ ಖಜಾನೆಗೆ. ರೋಗಿಗೆ ಪರಿಹಾರ ಕೇಳೋಕೆ ಇದ್ದ 43ಎ, ಈ ಕಾಯ್ದೆ ಪೂರ್ತಿ ಜಾರಿಯಾದಾಗ ತೆಗೆದು ಹಾಕ್ತಾರೆ.

ಅಂದಹಾಗೆ ಆಭಾ ಕಡ್ಡಾಯ ಅಲ್ಲ, ಮಾಡಿಸಿದ್ಮೇಲೂ ಡಿಲೀಟ್ ಮಾಡಬಹುದು. ಅಮ್ಮಂಗೆ ಇದನ್ನ ಮನೆಗೆ ಬಂದ್ಮೇಲೆ ನಾನೇ ಹೇಳ್ಬೇಕಾಯ್ತು.