ಮಟ್ಟುಗುಳ್ಳದ ಹುಳಕ್ಕೆ ಯಾವ ಕಾಲ?

ಬದನೆಯ ಹುಳ ಅಂದ ಕೂಡಲೇ ಮಾತು ಬಿಟಿ (ಹುಳ ಕೊಲ್ಲುವ ಬ್ಯಾಕ್ಟೀರಿಯಾದ ವಂಶವಾಹಿ ಸೇರಿಸಿದ ತಳಿ), ಮದ್ದು, ಸಾವಯವ ಅಂತ ಎಲ್ಲೆಲ್ಲಿಗೋ ಹೋಗುತ್ತದೆ. ಉಡುಪಿಯ ಮಟ್ಟಿಗೆ, ಇಲ್ಲಿನ ದುಂಡು ಬದನೆ ಮಟ್ಟುಗುಳ್ಳದ ಕಥೆಯನ್ನು ಸ್ವಲ್ಪ ಹಿಂದಿನಿಂದ ನೋಡೋಣ.

ಗುಳ್ಳದ ಬೀಜ ಕೊಟ್ಟವರು ಸೋದೆ ಮಠದ ಯತಿ ವಾದಿರಾಜರು ಅಂತ ಐತಿಹ್ಯ. ಅಂದಿನಿಂದ ಕಟಪಾಡಿ ಹತ್ತಿರದ ಮಟ್ಟುವಿನಲ್ಲಿ ಅದು ಬೆಳೆಯುತ್ತಾ ಬಂತು, 2011ರಲ್ಲಿ ಭೌಗೋಳಿಕ ಸೂಚಿಯೂ (ಊರಿನ ಬೆಳೆಯ ಹೆಸರಿಗೆ ಕಾನೂನಿನ ರಕ್ಷಣೆ, ಜಿಐ) ಸಿಕ್ಕಿತು. ಭತ್ತ ಕೊಯ್ದ ಗದ್ದೆಯಲ್ಲಿ ನಾಟಿ, ಬೇಸಿಗೆವರೆಗೆ ಕೊಯ್ಲು. ಮಳೆಗಾಲದಲ್ಲಿ ಗದ್ದೆ ತುಂಬ ನೀರು, ಬದನೆ ಗಿಡವೇ ಇಲ್ಲ. ಹುಳಕ್ಕೂ ಅಷ್ಟು ದಿನ ಉಪವಾಸ.

ಶತ್ರು ಮುಖ್ಯವಾಗಿ ಒಂದೇ, ಕುಡಿ ಮತ್ತು ಕಾಯಿ ಕೊರಕ. ಚಿಟ್ಟೆ ರಾತ್ರಿ ಮೊಟ್ಟೆ ಇಡುತ್ತದೆ. ಮರಿಹುಳ ಮೊದಲು ಎಳೆ ಕುಡಿಗೆ ನುಗ್ಗುತ್ತದೆ, ಕುಡಿ ಬಾಡಿ ಜೋತು ಬೀಳುತ್ತದೆ. ಕಾಯಿ ಬಂದ ಮೇಲೆ ತೊಟ್ಟಿನ ಬುಡದಲ್ಲಿ ಒಳಗೆ ಹೋಗುತ್ತದೆ, ಆ ತೂತು ಮುಚ್ಚಿಹೋಗುತ್ತದೆ. ಮಾರ್ಕೆಟ್‌ನಲ್ಲಿ ನಾವು ಹುಡುಕುವ ದೊಡ್ಡ ತೂತು ಅದು ಹೊರಗೆ ಬಂದ ದಾರಿ. ಅಂದರೆ ತಿಂದು ಮುಗಿಸಿ ಹೋಗಿದೆ! ಒಳಗಿರುವ ಹುಳಕ್ಕೆ ಮೇಲಿಂದ ಬಿಟ್ಟ ಮದ್ದು ಮುಟ್ಟುವುದು ಕಷ್ಟ. ಕರಾವಳಿಯಲ್ಲಿ ನಡುಗುವ ಚಳಿಯೂ ಇಲ್ಲ, ಹಾಗಾಗಿ ಸುಮಾರು ತಿಂಗಳಿಗೊಂದು ತಲೆಮಾರು. ಬೇಸಿಗೆ ಏರಿದಂತೆ ಹಾವಳಿ ಜಾಸ್ತಿ.

 

ಬಿಟಿ ಬದನೆ ಬಂದದ್ದೇ ಈ ಕೊರಕನಿಗಾಗಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಬಿಟಿ ಮಾಡಲು ಕೈಹಾಕಿದ ತಳಿಗಳಲ್ಲಿ ಉಡುಪಿಯ ಗುಳ್ಳವೂ ಇತ್ತು. ಬಿಟಿ ಬೆರೆತು ಗುಳ್ಳದ ತಳಿ ಕೆಡುತ್ತದೆ ಅಂತ ಇಲ್ಲಿ ಗಲಾಟೆಯಾಯಿತು. 2010ರ ಫೆಬ್ರವರಿ 9ರಂದು ಕೇಂದ್ರ ಸರ್ಕಾರ ಬಿಟಿ ಬದನೆಗೆ ತಡೆ ಹಾಕಿತು. ಪಕ್ಕದ ಬಾಂಗ್ಲಾದೇಶದ ರೈತರು 2014ರಿಂದ ಅದನ್ನು ಬೆಳೆಯುತ್ತಿದ್ದಾರೆ.

ಆ ಗದ್ದಲದಲ್ಲಿ ಹುಳಕ್ಕೆ ಊಟ ಸಿಗುವ ಕಾಲದ ಮಾತು ಹಿಂದೆ ಬಿತ್ತು ಅನಿಸುತ್ತದೆ. ಹುಳದ ಹೊಟ್ಟೆಪಾಡು ನಮ್ಮ ನಾಟಿಯನ್ನೇ ನಂಬಿದೆ, ಅಲ್ವಾ? ಕೊಯ್ಲು ಮುಗಿದ ಗಿಡ ಕಿತ್ತು ಸುಡದೆ ಬಿಟ್ಟರೆ, ಪಕ್ಕದಲ್ಲೇ ಹೊಸ ಸಸಿ ನೆಟ್ಟರೆ ಅದಕ್ಕೆ ಊಟ ತಪ್ಪುವುದಿಲ್ಲ. ಬಾಡಿದ ಕುಡಿಯನ್ನು ವಾರಕ್ಕೊಮ್ಮೆ ಚಿವುಟಿ ನಾಶ ಮಾಡುವುದು, ಮೋಹಕ ಬಲೆ (ಹೆಣ್ಣು ಚಿಟ್ಟೆಯ ವಾಸನೆಯಿಂದ ಗಂಡನ್ನು ಸೆಳೆದು ಹಿಡಿಯುವ ಬಲೆ) ಕಟ್ಟುವುದು, ಇವು ಹೊಸ ವಿಷಯವೇನಲ್ಲ. ಆದರೆ ಒಬ್ಬರು ಮಾಡಿ ಪಕ್ಕದ ಗದ್ದೆಯವರು ಬಿಟ್ಟರೆ ಚಿಟ್ಟೆ ಹಾರಿಬರುತ್ತದೆ. ಕೆಲಸಕ್ಕೆ ಜನ ಸಿಗದಾಗ ಚಿವುಟುವುದಕ್ಕಿಂತ ಮದ್ದೇ ಅಗ್ಗ ಅಂತ ಕಾಣುವುದೂ ಸಹಜ.