ಬಚ್ಚಲ ನೀರು ಊರಾಚೆಗೆ ಹೋದ ದಾರಿ

ಕಡತಗಳಲ್ಲಿ ಇದರ ಹೆಸರು 'ಬೂದು ನೀರು', ಊರಿನವರ ಬಾಯಲ್ಲಿ ಬಚ್ಚಲ ನೀರು. ಸ್ನಾನ, ಪಾತ್ರೆ, ಬಟ್ಟೆ ತೊಳೆದು ಹೊರಬೀಳುವ ಈ ನೀರಿಗಾಗಿ ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಕಳೆದ ಕೆಲವು ವರ್ಷಗಳಿಂದ ಸ್ವಚ್ಛ ಭಾರತದ ಎರಡನೇ ಹಂತ, ನರೇಗಾ, ಹದಿನೈದನೇ ಹಣಕಾಸು ಆಯೋಗದ ಅನುದಾನ ಎಂದು ಹಲವು ಬಾಬ್ತುಗಳು ಒಂದರ ಮೇಲೊಂದು ಬಂದು ಕೂತಿರುವುದರಿಂದ, ಯಾವ ಕೆಲಸ ಯಾವ ಲೆಕ್ಕದಲ್ಲಿ ಆಯಿತು ಎಂದು ಹೇಳುವುದು ಸುಲಭವಾಗಿ ಉಳಿದಿಲ್ಲ.

ನೀರನ್ನು ಬಾವಿಯಿಂದ ಸೇದಿ ಬಿಂದಿಗೆಯಲ್ಲಿ ಹೊತ್ತು ತರುತ್ತಿದ್ದ ಕಾಲದಲ್ಲಿ ಬಚ್ಚಲ ನೀರು ಹಿತ್ತಲಿನ ಬಾಳೆಗೋ ಕೆಸುವಿಗೋ ಸಾಲುತ್ತಿತ್ತು, ಅಷ್ಟೇ. ಆಮೇಲೆ ಕೈಪಂಪು ಬಂತು, ಕೊಳವೆಬಾವಿ ಬಂತು, ಓವರ್‌ಹೆಡ್ ಟ್ಯಾಂಕ್ ಬಂತು. 1986ರ ಕೇಂದ್ರೀಯ ಗ್ರಾಮೀಣ ನೈರ್ಮಲ್ಯ ಕಾರ್ಯಕ್ರಮದಿಂದ 2014ರ ಸ್ವಚ್ಛ ಭಾರತದವರೆಗೆ ಸರ್ಕಾರದ ಗಮನವೆಲ್ಲ ಮುಖ್ಯವಾಗಿ ಶೌಚಾಲಯದ ಮೇಲಿತ್ತು. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ್ ಮಿಷನ್, ಪ್ರತಿ ಮನೆಯ ನಲ್ಲಿಯಲ್ಲಿ ತಲೆಗೆ ದಿನಕ್ಕೆ 55 ಲೀಟರ್ ನೀರು ಎಂಬ ಗುರಿ ಇಟ್ಟುಕೊಂಡಿತು. ಎರಡು ಸಾವಿರ ಜನರ ಊರಿಗೆ ಇದು ದಿನಕ್ಕೆ 1.1 ಲಕ್ಷ ಲೀಟರ್. ಮೂರರಲ್ಲಿ ಎರಡು ಪಾಲು ಕೊಳೆನೀರಾಗಿ ಹೊರಬರುತ್ತದೆ ಎಂದುಕೊಂಡರೂ ಎಪ್ಪತ್ತು ಸಾವಿರ ಲೀಟರಿಗಿಂತ ಹೆಚ್ಚೇ.

ಈ ನೀರಿಗೆ ಊರುಗಳು ಕಂಡುಕೊಂಡ ದಾರಿ ಸಿಸಿ ಚರಂಡಿ, ಅಂದರೆ ಕಾಂಕ್ರೀಟಿನ ಚರಂಡಿ. ಒಂದು ವರ್ಷದ ಅನುದಾನದಲ್ಲಿ ಒಂದು ಬೀದಿ, ಮುಂದಿನ ವರ್ಷ ಇನ್ನೊಂದು ಬೀದಿ ಎಂದು ತುಂಡು ತುಂಡಾಗಿ ಕಟ್ಟಿದ ಚರಂಡಿಗಳಲ್ಲಿ ಎರಡು ತುಂಡುಗಳ ಇಳಿಜಾರು ಒಂದಕ್ಕೊಂದು ಕೂಡದ ಕಡೆ ನೀರು ನಿಂತು ಸೊಳ್ಳೆ ಹುಟ್ಟಿತು, ಕೂಡಿದ ಕಡೆ ಸರಾಗವಾಗಿ ಹರಿದು ಕೆರೆಗೋ ಹಳ್ಳಕ್ಕೋ ಇಳಿಯಿತು. ಕೆರೆಯಲ್ಲಿ ಅಂತರಗಂಗೆ ಹಬ್ಬಿತು. ಚರಂಡಿ ನೀರನ್ನು ಸಾಗಿಸುತ್ತದೆ, ಶುದ್ಧ ಮಾಡುವುದಿಲ್ಲ ಎಂಬ ಸರಳ ಸಂಗತಿಗೆ ಅಂದಾಜುಪಟ್ಟಿಯಲ್ಲಿ ಕಾಲಂ ಇರಲಿಲ್ಲ. ಜೊತೆಗೆ, ಅವಳಿ ಗುಂಡಿಯ ಶೌಚಾಲಯ ಎಂದು ಶಿಫಾರಸಾಗಿದ್ದರೂ ಸೆಪ್ಟಿಕ್ ಟ್ಯಾಂಕ್ ಕಟ್ಟಿಸಿಕೊಂಡ ಮನೆಗಳಲ್ಲಿ ಅದರ ಹೊರಹರಿವಿನ ಪೈಪು ಇದೇ ಚರಂಡಿಗೆ ಬಿದ್ದಾಗ, ಮಲದ ನೀರೂ ಸೇರಿ ಬೂದು ನೀರು ಬೂದಾಗಿ ಉಳಿಯಲಿಲ್ಲ.

ನೀರು ಹುಟ್ಟಿದ ಮನೆಯಲ್ಲೇ ಇಂಗಲಿ ಎಂಬ ಹಳೆಯ ಹಿತ್ತಲಿನ ವಿವೇಕ ನರೇಗಾದ 'ಬಚ್ಚಲುಗುಂಡಿ'ಯಾಗಿ ಮರಳಿತು. ಇದರ ರಚನೆ ಕಷ್ಟದ್ದಲ್ಲ: ಮೊದಲು ಹೂಳು ತಡೆಯುವ ಚಿಕ್ಕ ತೊಟ್ಟಿ, ಆಮೇಲೆ ಕಲ್ಲು ತುಂಬಿದ ಗುಂಡಿ, ಮೇಲೆ ಮುಚ್ಚಳ, ಕುಡಿಯುವ ನೀರಿನ ಬಾವಿಯಿಂದ ಸಾಕಷ್ಟು ದೂರ. ಕೆಂಪು ಮಣ್ಣಿನ ಸೀಮೆಯಲ್ಲಿ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಉತ್ತರ ಕರ್ನಾಟಕದ ಎರೆಭೂಮಿ ಮಾತ್ರ ನೀರನ್ನು ಸುಲಭಕ್ಕೆ ಇಂಗಿಸಿಕೊಳ್ಳದು, ಮತ್ತು ಒತ್ತೊತ್ತಾಗಿ ಗೋಡೆಗೆ ಗೋಡೆ ತಾಗಿದ ಕೇರಿಗಳಲ್ಲಿ ಗುಂಡಿ ತೋಡಲು ಜಾಗವೇ ಇಲ್ಲ. ಜಾಗವಿಲ್ಲದವರು ಯಾರು ಎಂದು ಊರಿನ ನಕ್ಷೆ ನೋಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಂಥಲ್ಲಿ ಚರಂಡಿಯ ಕೊನೆಯಲ್ಲಿ ನೀರನ್ನು ತಂಗಿಸುವ ಕೊಳಗಳೋ, ಜೊಂಡು ಬೆಳೆಸಿದ ಜಲ್ಲಿಯ ಹಾಸುಗಳೋ ಬೇಕು.

ಇವಕ್ಕೆ 2020ರಲ್ಲಿ ಆರಂಭವಾದ ಸ್ವಚ್ಛ ಭಾರತದ ಎರಡನೇ ಹಂತ, ಐದು ಸಾವಿರದವರೆಗಿನ ಜನಸಂಖ್ಯೆಯ ಹಳ್ಳಿಗಳಿಗೆ ತಲೆಗೆ 280 ರೂಪಾಯಿಯ ಮಿತಿ ಇಟ್ಟಿತು. ನಮ್ಮ ಎರಡು ಸಾವಿರ ಜನರ ಊರಿಗೆ ಇದು 5.6 ಲಕ್ಷ. ಕಟ್ಟುವುದಕ್ಕೆ ಒಂದು ಸಲ ಸಿಗುವ ಹಣ ಇದು.

ಇನ್ನು ಶೌಚಾಲಯದ ಗುಂಡಿಯಿಂದ ಎತ್ತಿದ ಮಲದ ಹೂಳಿಗೆ ದೇವನಹಳ್ಳಿ ಪಟ್ಟಣದಲ್ಲಿ 2015ರಲ್ಲೇ ಸಂಸ್ಕರಣಾ ಘಟಕ ಶುರುವಾಗಿ ದೇಶದ ಗಮನ ಸೆಳೆಯಿತು. ಹಳ್ಳಿಗಳ ಮಟ್ಟಿಗೆ ಹೂಳು ಹೀರಿ ಸಾಗಿಸುವ ಸಕ್ಕಿಂಗ್ ಗಾಡಿಯ ಬಾಡಿಗೆ ಮತ್ತು ದೂರವೇ ಇನ್ನೂ ತೊಡಕು.

ಬಚ್ಚಲುಗುಂಡಿಯ ಹೂಳುತೊಟ್ಟಿಯನ್ನು ಆಗಾಗ ಬಳಿಯದಿದ್ದರೆ ಅನ್ನದ ಅಗುಳು, ಸೋಪಿನ ಜಿಡ್ಡು ಕಲ್ಲುಗಳ ಸಂದಿಗೆ ಮೆತ್ತಿಕೊಂಡು ನೀರು ಇಂಗುವುದು ನಿಲ್ಲುತ್ತದೆ. ಬಳಿಯುವ ಕೆಲಸ ಮನೆಯವರದು, ಹೆಚ್ಚಿನ ಮನೆಗಳಲ್ಲಿ ಹೆಂಗಸರದು. ಇದಕ್ಕೆ ಯಾವ ಬಾಬ್ತಿನಲ್ಲೂ ಕೂಲಿ ಬರೆದಿಲ್ಲ.