ಬೇಸ್ ಗಿಟಾರ್‌ಗೆ ಎಣ್ಣೆಯೋ, ಪಾಲಿಶ್ಶೋ?

ಪ್ರಶ್ನೆ: ನಮ್ಮದು ಶಿರಸಿ. ಕೈಯಲ್ಲೇ ಮಾಡಿದ ಎಲೆಕ್ಟ್ರಿಕ್ ಬೇಸ್‌ಗೆ ಪಿಯು (ಪಾಲಿಯುರೆಥೇನ್) ಪಾಲಿಶ್ ಹೊಡೆದರೆ ಮರಕ್ಕೆ ಉಸಿರು ಕಟ್ಟಿ ನಾದ ಸಾಯುತ್ತದಂತೆ. ಬರೀ ಎಣ್ಣೆ ಹಚ್ಚಿದರೆ ಸಾಕಾ?

ಉತ್ತರ: ಸಾಲದು. ಬಾಡಿ, ನೆಕ್ (ಎಡಗೈ ಹಿಡಿಯುವ ಉದ್ದನೆ ಭಾಗ) ಎರಡಕ್ಕೂ ಪಿಯು ಹೊಡೆಯಿರಿ. ನೆಕ್ ಕೈಗೆ ಅಂಟುತ್ತದೆ ಅನ್ನಿಸಿದರೆ ಹಿಂಬದಿಯ ಹೊಳಪನ್ನು ಮಾತ್ರ ನಯವಾದ ಪಾಲಿಶ್ ಕಾಗದದಿಂದ ಉಜ್ಜಿ ತೆಗೆಯಿರಿ.

ಉತ್ತರ ಇಷ್ಟೇ. ಆದರೆ ಮಳೆಗಾಲ ಬಂತೆಂದರೆ ಈ 'ಉಸಿರು' ಮತ್ತೆ ಬರುತ್ತದೆ, ಹಾಗಾಗಿ ಇನ್ನೊಮ್ಮೆ ಹೇಳುತ್ತೇನೆ. ಕಡಿದ ಮರ ಉಸಿರಾಡುವುದಿಲ್ಲ. ಗಾಳಿಯ ತೇವ ಹೀರುತ್ತದೆ, ಬಿಡುತ್ತದೆ. ಹೀರಿದಾಗ ಎಳೆಗೆ ಅಡ್ಡವಾಗಿ ಉಬ್ಬುತ್ತದೆ. ಜುಲೈನಲ್ಲಿ ನಿಮ್ಮ ಮನೆ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುವುದು ಇದಕ್ಕೇ. ಆಗ ಯಾರೂ 'ಆಹಾ, ಬಾಗಿಲು ಉಸಿರಾಡುತ್ತಿದೆ' ಅನ್ನುವುದಿಲ್ಲ ಅಲ್ವಾ? ನೆಕ್ ಹೀಗೆ ಆಡಿದರೆ ತಂತಿಯ ಎತ್ತರ ಕೆಡುತ್ತದೆ. ನೆಕ್‌ನ ಬಾಗು ಸರಿಪಡಿಸಲು ಅದರೊಳಗಿನ ಲೋಹದ ಸರಳು, ಅಂದರೆ ಟ್ರಸ್ ರಾಡ್ ತಿರುಗಿಸುತ್ತ ಕೂರಬೇಕು. ಪಾಲಿಶ್ ಕೂಡ ತೇವವನ್ನು ಪೂರ್ತಿ ತಡೆಯುವುದಿಲ್ಲ, ನಿಧಾನ ಮಾಡುತ್ತದೆ. ಎಣ್ಣೆಯಿಂದ ಅಷ್ಟೂ ಆಗದು.

ಇನ್ನು ನಾದ. ಅಕೂಸ್ಟಿಕ್ ಗಿಟಾರ್‌ನಲ್ಲಿ ತೆಳ್ಳನೆ ಹಲಗೆ ನಡುಗಿಯೇ ಸದ್ದು ಹುಟ್ಟಬೇಕು. ಅಲ್ಲಿ ಪಾಲಿಶ್ ದಪ್ಪವಾದರೆ ಸದ್ದು ಕುಗ್ಗುವುದು ನಿಜ. ಆ ಮಾತನ್ನು ಸುಮ್ನೆ ತಂದು ಇಲ್ಲಿಗೆ ಅಂಟಿಸಿದ್ದಾರೆ. ಬೇಸ್‌ನ ಬಾಡಿ ಸುಮಾರು 40 ಮಿಲಿಮೀಟರ್ ದಪ್ಪದ ಗಟ್ಟಿ ಮರ. ಉಕ್ಕಿನ ತಂತಿ ಪಿಕಪ್‌ನ ಅಯಸ್ಕಾಂತದ ಮೇಲೆ ನಡುಗಿದಾಗ ತಾಮ್ರದ ಸುರುಳಿಯಲ್ಲಿ ಕರೆಂಟ್ ಹುಟ್ಟುತ್ತದೆ. ಆಂಪ್ಲಿಫೈಯರ್‌ಗೆ ಹೋಗುವುದು ಅದೇ. ಪಿಕಪ್‌ಗೆ ಪಾಲಿಶ್ ಗೊತ್ತೇ ಆಗುವುದಿಲ್ಲ. ನಾದ ಬದಲಾಗಬೇಕಾದರೆ ಮೊದಲು ತಂತಿ ಬದಲಿಸಿ.

ಎಣ್ಣೆಯೇ ಬೇಕೆಂಬ ಹಟವಿದ್ದರೆ ಒಣಗಿ ಗಟ್ಟಿಯಾಗುವ ಅಗಸೆ ಎಣ್ಣೆ ಅಥವಾ ಟಂಗ್ ಎಣ್ಣೆ ಹಚ್ಚಿ. ತೆಂಗಿನೆಣ್ಣೆ ಒಣಗುವುದೇ ಇಲ್ಲ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿ ಹೊತ್ತಿಕೊಳ್ಳಬಹುದು. ಹೊರಗೆ ಹರವಿ ಒಣಗಿಸಿ.

ಯಾರೂ ಕೇಳಲಿಲ್ಲ, ಆದರೂ ಹೇಳಬೇಕು. ಮೇಲ್ಪದರ ನಿಜಕ್ಕೂ ನಾದ ಬದಲಿಸುವ ಜಾಗ ಒಂದಿದೆ: ಫ್ರೆಟ್‌ಲೆಸ್ ಬೇಸ್‌ನ (ನೆಕ್ ಮೇಲೆ ಲೋಹದ ಅಡ್ಡಪಟ್ಟಿಗಳಿಲ್ಲದ ಬೇಸ್) ಫಿಂಗರ್‌ಬೋರ್ಡ್, ಅಂದರೆ ಬೆರಳಿಂದ ತಂತಿ ಒತ್ತುವ ಹಲಗೆ. ಅಲ್ಲಿ ತಂತಿ ನೇರವಾಗಿ ಅದಕ್ಕೇ ತಾಗುತ್ತದೆ. ಅಮೆರಿಕದ ಹೆಸರಾಂತ ಬೇಸ್ ವಾದಕ ಜಾಕೋ ಪಾಸ್ಟೋರಿಯಸ್ ತಮ್ಮ ಫೆಂಡರ್ ಜಾಝ್ ಬೇಸ್‌ನ ಫಿಂಗರ್‌ಬೋರ್ಡ್‌ಗೆ ದೋಣಿಗೆ ಬಳಿಯುವ ಎಪಾಕ್ಸಿ (ಗಟ್ಟಿಯಾಗುವ ಒಂದು ಬಗೆಯ ರೆಸಿನ್) ಹಚ್ಚಿದ್ದರು. ಒರಟು ತಂತಿ ಮರವನ್ನು ತಿನ್ನುವುದು ತಪ್ಪಿತು, ಸದ್ದೂ ಚುರುಕಾಯಿತು. ಹಾಗಂತ ಕಾರವಾರದ ದೋಣಿ ಕೆಲಸದವರ ಹತ್ತಿರ ಓಡಬೇಡಿ. ಫೈಬರ್ ದೋಣಿಗೆ ಹೆಚ್ಚಾಗಿ ಬಳಸುವುದು ಪಾಲಿಯೆಸ್ಟರ್ ರೆಸಿನ್. ಅದು ಒಣಗುವಾಗ ಜಾಸ್ತಿ ಕುಗ್ಗುತ್ತದೆ, ಫಿಂಗರ್‌ಬೋರ್ಡ್ ಎಣ್ಣೆ ಅಂಶವಿರುವ ಬೀಟೆ ಮರದ್ದಾದರೆ ಅದಕ್ಕೆ ಸರಿಯಾಗಿ ಹಿಡಿಯುವುದಿಲ್ಲ. ಡಬ್ಬದ ಮೇಲೆ ಎಪಾಕ್ಸಿ ಅಂತ ಇದೆಯಾ ಎಂದು ಓದಿಯೇ ತನ್ನಿ.